ಚಿತ್ರ 3.2 ನೋಡಿ

"ಸಾರ್, ಇದು ಮುಂದೆ ಎಲ್ಲಿ ಯೂಸ್ ಆಗುತ್ತೆ?"

ಮೂರನೇ ಸೆಮಿಸ್ಟರಿನ ಕಂಪ್ಯೂಟರ್ ಸೈನ್ಸ್ ಮಕ್ಕಳಿಗೆ ಡಿಸ್ಕ್ರೀಟ್ ಗಣಿತ ಹೇಳಲು ಹೋದ ಮೊದಲ ದಿನವೇ ಈ ಪ್ರಶ್ನೆ ಎದುರಾಗುತ್ತದೆ. ಡೇಟಾಬೇಸಿನ ತಳದಲ್ಲಿರುವುದು ಗಣ ಮತ್ತು ಸಂಬಂಧಗಳ ಗಣಿತ, ಮೊಬೈಲಿನ ಮ್ಯಾಪು ದಾರಿ ಹುಡುಕುವುದು ಗ್ರಾಫಿನಲ್ಲಿ ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಎರಡನೆಯದು ಬರುತ್ತದೆ: "ಇಂಟರ್ನಲ್ಸ್‌ಗೆ ಇದೆಯಾ ಸಾರ್?" ಇಲ್ಲ ಎಂದರೆ ಪೆನ್ನುಗಳೆಲ್ಲ ಒಟ್ಟಿಗೆ ಜೇಬು ಸೇರುತ್ತವೆ.

ಮೊದಮೊದಲು ಬೇಜಾರಾಗುತ್ತಿತ್ತು. ಈಗಿಲ್ಲ. ಈ ಗಣಿತದ ಉಪಯೋಗ ತೋರಿಸಲು ಕ್ಯಾಲಿಫೋರ್ನಿಯಾದವರೆಗೆ ಹೋಗಬೇಕಿಲ್ಲ, ನಮ್ಮ ಕಾಲೇಜಿನ ನೋಟಿಸ್ ಬೋರ್ಡ್ ಸಾಕು.

ಅಲ್ಲಿ ಒಂದು ಕಾಯಂ ಚೀಟಿ ಇದೆ: "ಶೇ 75 ಹಾಜರಾತಿ ಇಲ್ಲದವರಿಗೆ ಹಾಲ್ ಟಿಕೆಟ್ ಇಲ್ಲ." ತರ್ಕದ ಪಾಠದಲ್ಲಿ ಕಾಂಟ್ರಾಪಾಸಿಟಿವ್ ಅಂತ ಒಂದು ಬರುತ್ತದೆ. 'ಅದಿಲ್ಲದಿದ್ದರೆ ಇದಿಲ್ಲ' ಎನ್ನುವುದೂ 'ಇದಿದ್ದರೆ ಅದೂ ಇದೆ' ಎನ್ನುವುದೂ ಒಂದೇ ಮಾತು. ಫೀಸು ಬಾಕಿ ಇಲ್ಲದವರಿಗೆಲ್ಲ ಹಾಲ್ ಟಿಕೆಟ್ ಹೇಗೂ ಸಿಗುತ್ತದೆ. ಹಾಲ್ ಟಿಕೆಟ್ ಇದೆ ಅಂದ ಮೇಲೆ ಹಾಜರಾತಿಯೂ ಇರಲೇಬೇಕು. ರಿಜಿಸ್ಟರ್ ಒಪ್ಪದಿದ್ದರೆ ತಪ್ಪು ರಿಜಿಸ್ಟರಿನದು. ಅದನ್ನು ತರ್ಕದ ದಾರಿಗೆ ತರುವ ಪುಣ್ಯಕಾರ್ಯ ಸೆಮಿಸ್ಟರಿನ ಕೊನೆಯ ವಾರ, ಸಂಜೆ ಐದರ ಮೇಲೆ, ಟೀ ಕುಡಿಯುತ್ತಾ ನಮ್ಮ ಕೈಯಿಂದಲೇ ನಡೆಯುತ್ತದೆ.

ನಮ್ಮ ಪ್ರಾಸ್ಪೆಕ್ಟಸ್ ಬರೆಯುವವರು ಇನ್ನೂ ಒಂದು ಕೈ ಮೇಲು. "ನಮ್ಮ ಕ್ಯಾಂಪಸ್ಸಿಗೆ ಬಂದ ಪ್ರತಿಯೊಂದು ಬಹುರಾಷ್ಟ್ರೀಯ ಕಂಪನಿಯೂ ನಮ್ಮ ವಿದ್ಯಾರ್ಥಿಗಳನ್ನು ಆರಿಸಿಕೊಂಡಿದೆ." ಒಂದು ಕಂಪನಿಯೂ ಬಂದಿಲ್ಲ. ಆದರೂ ಹೇಳಿಕೆ ನಿಜ! ಖಾಲಿ ಗಣದ ಬಗ್ಗೆ 'ಪ್ರತಿಯೊಂದೂ' ಎಂದು ಏನು ಹೇಳಿದರೂ ಸುಳ್ಳಾಗುವುದಿಲ್ಲ, ಏಕೆಂದರೆ ಸುಳ್ಳೆಂದು ತೋರಿಸಲು ಬಂದೂ ಆರಿಸದೆ ಹೋದ ಕಂಪನಿ ಒಂದಾದರೂ ಬೇಕು. ತರಗತಿಯಲ್ಲಿ ಇದನ್ನು ಒಪ್ಪಿಸಲು ನನಗೆ ಎರಡು ಪೀರಿಯಡ್ ಹಿಡಿಯುತ್ತದೆ. ಹುಡುಗರ ಅಪ್ಪಂದಿರು ಅಡ್ಮಿಷನ್ ಕೌಂಟರಿನಲ್ಲಿ ಎರಡು ನಿಮಿಷಕ್ಕೆ ಒಪ್ಪಿ ಚೆಕ್ ಬರೆಯುತ್ತಾರೆ.

ಈ ತರ್ಕವನ್ನು ಬೀಜಗಣಿತದ ಹದಕ್ಕೆ ತಂದು 1854ರಲ್ಲಿ ಪುಸ್ತಕ ಬರೆದ ಜಾರ್ಜ್ ಬೂಲ್ ತಾನೇ ಓದಿ ಕಲಿತವನು. ಡಿಗ್ರಿ ಇಲ್ಲದೆಯೇ ಐರ್ಲೆಂಡಿನ ಕಾರ್ಕ್‌ನಲ್ಲಿ ಪ್ರೊಫೆಸರ್ ಆದ. ನಮ್ಮಲ್ಲಿ ಅರ್ಜಿ ಹಾಕಿದ್ದರೆ ಅವನ ಫೈಲು ಗುಮಾಸ್ತರ ಮೇಜು ದಾಟುತ್ತಿರಲಿಲ್ಲ. ಅದೇ ಬೂಲನ ಲೆಕ್ಕವನ್ನು ವಿದ್ಯುತ್ ಸ್ವಿಚ್ಚುಗಳಿಗೆ ಹೊಂದಿಸಿ 1937ರಲ್ಲಿ ಎಂಐಟಿಗೆ ಸ್ನಾತಕೋತ್ತರ ಪ್ರಬಂಧ ಒಪ್ಪಿಸಿದ ಕ್ಲಾಡ್ ಶಾನನ್‌ಗೆ ಆಗ 21 ವರ್ಷ. ಪಾಪ, ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿ ಆ ಕಡೆ ಇರಲಿಲ್ಲವೇನೋ, ತಾನೇ ಕೂತು ಬರೆದ. ಇದೆಲ್ಲ ಫಾರಿನ್ನಿನ ವಿದ್ಯೆ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ಎನ್‌ಸಿಆರ್ ಅಂತ ಬಾಯಿಪಾಠ ಮಾಡುತ್ತೀರಲ್ಲ, ಆ ಸಂಯೋಜನೆಗಳ ಲೆಕ್ಕದ ಸೂತ್ರವನ್ನು ಒಂಬತ್ತನೇ ಶತಮಾನದಲ್ಲೇ 'ಗಣಿತಸಾರಸಂಗ್ರಹ'ದಲ್ಲಿ ಬರೆದಿಟ್ಟವನು ಮಹಾವೀರಾಚಾರ್ಯ. ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದವನು. ಇದನ್ನು ಹೇಳಿದ ದಿನವೂ ಕೊನೆಯ ಬೆಂಚಿನಿಂದ ಬಂದದ್ದು ಅದೇ: "ಇಂಪಾರ್ಟೆಂಟಾ ಸಾರ್?"

ಹೋದ ತಿಂಗಳು ಒಂದು ಅಸೈನ್‌ಮೆಂಟ್ ಕೊಟ್ಟೆ. 36ರ ಭಾಜಕಗಳಿಗೆ ಹಾಸೆ ಚಿತ್ರ, ಅಂದರೆ ಯಾವುದರ ಮೇಲೆ ಯಾವುದು ಎಂದು ಚುಕ್ಕಿ-ಗೆರೆಗಳಲ್ಲಿ ತೋರಿಸುವ ಚಿತ್ರ, ಬರೆಯಿರಿ. ಒಂಬತ್ತು ಚುಕ್ಕಿ, ಹನ್ನೆರಡು ಗೆರೆ, ಅಂಗಳದಲ್ಲಿ ಹಾಕುವ ರಂಗೋಲಿಗಿಂತ ಸುಲಭ. 62 ಪುಸ್ತಕ ಬಂದವು. 62ರಲ್ಲೂ ಮುದ್ದಾದ ಅಕ್ಷರದಲ್ಲಿ ವಿವರಣೆ, ಕೊನೆಗೆ "ಚಿತ್ರ 3.2 ನೋಡಿ". ಚಿತ್ರ ಮಾತ್ರ ಒಂದರಲ್ಲೂ ಇಲ್ಲ.

ಪತ್ತೇದಾರಿಕೆಗೆ ಇಳಿದೆ. ಇವನು ಅವನಿಂದ ಇಳಿಸಿದ್ದು, ಅವನು ಹಾಸ್ಟೆಲಿನ ರೂಮ್‌ಮೇಟಿನಿಂದ, ಅವನು ವಾಟ್ಸಾಪಿಗೆ ಬಂದ ಫೋಟೋದಿಂದ. ಕಾಪಿ ಹೊಡೆಯುವುದು ಸುತ್ತಿ ಬಳಸಿ ಹೊರಟಲ್ಲಿಗೇ ಬರುವಂತಿಲ್ಲ, ಮಂದಿ ಇರುವುದೂ 62. ಸರಪಳಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಪಾಠದಲ್ಲಿ ಇದಕ್ಕೆ ಮಿನಿಮಲ್ ಎಲಿಮೆಂಟ್ ಎನ್ನುತ್ತೇವೆ. ಯಾರು ಯಾರಿಂದ ಎಂದು ಸ್ಟಾಫ್ ರೂಮಿನಲ್ಲಿ ಕೂತು ಬಾಣ ಎಳೆದೆ. ಅಸೈನ್‌ಮೆಂಟಿನಲ್ಲಿ ಸಿಗದ ಹಾಸೆ ಚಿತ್ರ ಅಲ್ಲಿ ಸಿಕ್ಕಿತು. ತಳದಲ್ಲಿ ಒಂದೇ ಚುಕ್ಕಿ, ಮೊದಲ ಬೆಂಚಿನ ಹುಡುಗಿ.

ಕರೆಸಿದೆ. "ಚಿತ್ರ ಎಲ್ಲಮ್ಮಾ?"

ಅವಳು ಕಣ್ಣು ಕೆಳಗೆ ಹಾಕಿ, "ಕ್ಲಾಸಲ್ಲಿ ನೀವು ಬರೆಸಿದ್ದೇ ಅಷ್ಟು ಸಾರ್. ಕೇಳೋಣ ಅಂದ್ಕೊಂಡೆ, ಬೆಲ್ ಹೊಡೀತು" ಅಂದಳು.

ಕಳಿಸಿಬಿಟ್ಟು ಡ್ರಾಯರಿನಿಂದ ನನ್ನ ನೋಟ್ಸ್ ತೆಗೆದೆ. ನಾನು ಓದುವಾಗ ನಮ್ಮ ಮೇಷ್ಟ್ರು ಬರೆಸಿದ್ದು, ಹಾಳೆ ಹಳದಿಯಾಗಿದೆ. "ಚಿತ್ರ 3.2 ನೋಡಿ." ಅದರ ಕೆಳಗೆ ಅಂಗೈಯಗಲ ಖಾಲಿ ಜಾಗ.

62 ಮಂದಿಗೂ ಹತ್ತಕ್ಕೆ ಹತ್ತು ಹಾಕಿದೆ.