ಮನೆ ಇಂಜಿನಿಯರು

ಮನೆ ಇಂಜಿನಿಯರು ಎಂಬ ತಳಿ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಹೇರಳ. ಎಚ್‌ಎಂಟಿ, ಐಟಿಐ, ಬಿಇಎಲ್‌ನಂಥ ಕಾರ್ಖಾನೆಗಳ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಮೈಕ್ರಾನ್ ಲೆಕ್ಕದಲ್ಲಿ ಉಕ್ಕು ತೇಯ್ದು ನಿವೃತ್ತರಾದವರಲ್ಲಿ ಅದರ ಅಪ್ಪಟ ಮಾದರಿ ಸಿಗುತ್ತದೆ. ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್. ಮಹಡಿ ಕೋಣೆಯಲ್ಲಿ ಹಾರ್ಲಿಕ್ಸ್ ಬಾಟಲಿಗಳ ತುಂಬ ಸ್ಕ್ರೂ. ಕೆಟ್ಟದ್ದನ್ನು ಯಾರಾದರೂ ಬಿಚ್ಚುತ್ತಾರೆ, ಈತ ಚೆನ್ನಾಗಿರುವುದನ್ನೂ ಬಿಚ್ಚುತ್ತಾನೆ. ತಿರುಗಿ ಜೋಡಿಸಿದಾಗ ಎರಡು ಸ್ಕ್ರೂ ಉಳಿದರೆ, ಕಂಪನಿಯವರು ಜಾಸ್ತಿ ಹಾಕಿರುತ್ತಾರೆ ಎಂಬ ಸಮಾಧಾನ ಸಿದ್ಧವಿರುತ್ತದೆ.

ಈತನ ಮುಖ್ಯ ದೌರ್ಬಲ್ಯ ಮೋಟಾರು. ಹಳೇ ಕಾರಿನ ವೈಪರ್ ಮೋಟಾರಿನಿಂದ ತೊಟ್ಟಿಲು ತೂಗುವ ಯಂತ್ರ ಮಾಡಲು ಹೊರಟು, ಅದು ಮುಗಿಯುವಷ್ಟರಲ್ಲಿ ಮೊಮ್ಮಗು ಶಾಲೆಗೆ ಸೇರಿತ್ತು. ಆಮೇಲೆ ಕಣ್ಣು ಬಿದ್ದದ್ದು ಜಿಪ್ಪಿನ ಮೇಲೆ.

ಜಿಪ್ಪಿನ ಚರಿತ್ರೆಯನ್ನು ಈತ ಮನೆಗೆ ಬಂದವರಿಗೆಲ್ಲ, ಅವರ ಕಾಫಿ ಆರುವವರೆಗೂ, ಹೇಳುತ್ತಾನೆ. 1893ರಲ್ಲಿ ವಿಟ್‌ಕಂಬ್ ಜಡ್ಸನ್ ಷಿಕಾಗೋ ಮೇಳದಲ್ಲಿ ತೋರಿಸಿದ ಕೊಂಡಿಗಳ ಸಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ. 1913ರಲ್ಲಿ ಗಿಡಿಯನ್ ಸುಂಡ್‌ಬ್ಯಾಕ್ ಒಂದರೊಳಗೊಂದು ಕೂರುವ ಹಲ್ಲುಗಳನ್ನು ರೂಪಿಸಿದ. 1923ರಲ್ಲಿ ಗುಡ್‌ರಿಚ್ ಕಂಪನಿ ತನ್ನ ರಬ್ಬರ್ ಬೂಟುಗಳಿಗೆ ಜಿಪ್ಪರ್ ಎಂದು ಹೆಸರಿಟ್ಟಿತು. ಇಷ್ಟೆಲ್ಲ ಆದ ಮೇಲೂ ಮನುಷ್ಯ ಅದನ್ನು ಕೈಯಿಂದ ಎಳೆಯುತ್ತಿದ್ದಾನೆ ಎಂಬುದು ಈತನಿಗೆ ಅವಮಾನ.

ಆದ್ದರಿಂದ ಜಿಪ್ಪು ತಾನೇ ಎಳೆಯುವ ಯಂತ್ರ. ಅದರ ರಚನೆ ಹೀಗೆ. ಜಿಪ್ಪಿನ ರನ್ನರ್ ಒಳಗೆ ವೈ ಆಕಾರದ ದಾರಿಯಿದೆ. ಎರಡು ಸಾಲಿನ ಹಲ್ಲು ಅದರಲ್ಲಿ ಓರೆಯಾಗಿ ನುಗ್ಗಿ ಒಂದಾಗುತ್ತವೆ. ಹಿಡಿಯ ಕೆಳಗೆ ಸಣ್ಣ ಮುಳ್ಳೊಂದಿರುತ್ತದೆ. ಹಿಡಿ ಮಲಗಿದರೆ ಮುಳ್ಳು ಹಲ್ಲಿಗೆ ಕಚ್ಚಿ ರನ್ನರ್ ಜಾರದಂತೆ ತಡೆಯುತ್ತದೆ, ಆದ್ದರಿಂದ ಅದನ್ನು ಮೊದಲು ಕಿತ್ತು ಹಾಕಬೇಕು. ಜಿಪ್ಪಿನ ಉದ್ದಕ್ಕೂ ಒಂದು ಬೆಲ್ಟು, ಬೆಲ್ಟಿಗೆ ರನ್ನರ್, ಬೆಲ್ಟಿನ ತುದಿಗೆ ಎಸ್‌ಪಿ ರೋಡಿನಿಂದ ತಂದ 12 ವೋಲ್ಟಿನ ಗೇರ್ ಮೋಟಾರು. ಗೇರು ವರ್ಮ್ ಜಾತಿಯದು. ವರ್ಮ್ ತಿರುಗಿದರೆ ಚಕ್ರ ತಿರುಗುತ್ತದೆ. ಚಕ್ರವನ್ನು ಹಿಡಿದು ಎಷ್ಟು ಜಗ್ಗಿದರೂ ವರ್ಮ್ ಸಾಮಾನ್ಯವಾಗಿ ಅಲುಗುವುದಿಲ್ಲ. ಈ ಕೊನೆಯ ಗುಣವನ್ನು ಈತ ಹೆಮ್ಮೆಯಿಂದ ವಿವರಿಸಿದ್ದ.

ಪರೀಕ್ಷೆಗೆ ಉದ್ದನೆಯ ಜಿಪ್ಪು ಬೇಕಾಗಿತ್ತು. ಪಕ್ಕದ ಮನೆಯಿಂದ ಸ್ಲೀಪಿಂಗ್ ಬ್ಯಾಗ್ ಕಡ ತರಲಾಯಿತು. ಬ್ಯಾಗು ಈ ಟಿಪ್ಪಣಿ ಬರೆದವನದೇ. ಕುಮಾರಪರ್ವತ ಹತ್ತುವ ಹುರುಪಿನಲ್ಲಿ ಕೊಂಡು, ಕಪಾಟು ಹತ್ತಿಸಿಟ್ಟದ್ದು. ಒಂದು ಸಂಜೆ ಈತ ಅದರೊಳಗೆ ಕೈಕಾಲು ಸಮೇತ ಮಲಗಿ, ಸ್ವಿಚ್ಚನ್ನೂ ಒಳಗೇ ಇಟ್ಟುಕೊಂಡು ಒತ್ತಿದ. ತುದಿಗೆ ಬಂದಾಗ ಮೋಟಾರು ನಿಲ್ಲಿಸುವ ಲಿಮಿಟ್ ಸ್ವಿಚ್ ಹಾಕಿರಲಿಲ್ಲ, ಟ್ರಯಲ್ ತಾನೇ ಎಂದು. ರನ್ನರ್ ಕಾಲಿಂದ ಹೊರಟು ಹೊಟ್ಟೆ, ಎದೆ ದಾಟಿ ಕತ್ತಿನ ಹತ್ತಿರ ಬಂದಾಗ ಕರೆಂಟು ಹೋಯಿತು.

ಕತ್ತಲಲ್ಲಿ ಸ್ವಿಚ್ಚು ಜಾರಿ ಪಾದದ ಕಡೆ ಸೇರಿತು. ಹೆಂಡತಿ ಮೇಣದಬತ್ತಿ ಹಿಡಿದು ಬಂದು ರನ್ನರ್ ಜಗ್ಗಿದರು. ವರ್ಮ್ ಗೇರು ತನ್ನ ಗುಣ ತೋರಿಸಿತು.

"ಕತ್ತರಿ ತರಲಾ ರೀ?"

"ಕತ್ತರಿ ಮುಟ್ಟಬೇಡ ಕಣೇ! ನೀಲಿ ಡಬ್ಬೀಲಿ ಸ್ಟಾರ್ ಸ್ಕ್ರೂಡ್ರೈವರ್ ಇದೆ, ಮೂರೇ ಸ್ಕ್ರೂ."

"ಯಾವ ನೀಲಿ? ಇಲ್ಲಿ ನಾಲ್ಕಿವೆ."

ಎರಡನೇ ಡಬ್ಬಿ ಹುಡುಕುತ್ತಿರುವಾಗ ಕರೆಂಟು ಬಂತು. ಸ್ವಿಚ್ಚು ಇನ್ನೂ 'ಮೇಲೆ' ಎಂದೇ ಇತ್ತು. ರನ್ನರ್ ಮತ್ತೆ ಹೊರಟು, ಗದ್ದದ ಕೆಳಗೆ ಒಳಬಟ್ಟೆಯನ್ನು ಕಚ್ಚಿಕೊಂಡು ನಿಂತಿತು. ತಿರುಗಲಾಗದ ಮೋಟಾರು ಕರೆಂಟನ್ನು ಮಾತ್ರ ಹೆಚ್ಚೆಚ್ಚು ಎಳೆಯುತ್ತದೆ. ಸುಟ್ಟ ವಾಸನೆ ಬಂದದ್ದು ಅದರಿಂದ. ಆಕೆ ಪ್ಲಗ್ ಕಿತ್ತು, ಯಾರ ಮಾತೂ ಕೇಳದೆ, ಬ್ಯಾಗನ್ನು ಕತ್ತಿನಿಂದ ಸೊಂಟದವರೆಗೆ ಕತ್ತರಿಸಿದರು. ಹೊರಬಂದವನ ಮೊದಲ ಮಾತು, "ಬೆಲ್ಟು ಮಾತ್ರ ಒಂದು ಹಲ್ಲೂ ಜಾರಲಿಲ್ಲ ನೋಡು."

ಬ್ಯಾಗಿನ ಯಜಮಾನ ಜಗಳಕ್ಕೆಂದೇ ಹೋಗಿದ್ದ. ಮಹಡಿಯ ಮೇಜಿನ ಮೇಲೆ ಹೆಂಗಸರ ಬೂದು ಸ್ವೆಟರೊಂದು ಹರಡಿತ್ತು; ಅದರ ಜಿಪ್ಪಿನ ಅಳತೆಯನ್ನು ವರ್ನಿಯರಿನಲ್ಲಿ ತೆಗೆದು ಚೀಟಿಯ ಮೇಲೆ ಬರೆದಿತ್ತು. ಆಕೆಯ ಹೆಬ್ಬೆರಳಿನ ಕೀಲು ಎರಡು ವರ್ಷದಿಂದ ಹಿಡಿದುಕೊಂಡಿದೆಯಂತೆ, ಚಳಿಗಾಲದಲ್ಲಿ ಸ್ವೆಟರ್ ಜಿಪ್ಪು ಎಳೆಯಲು ಆಗುವುದಿಲ್ಲವಂತೆ. ಎಳೆದುಕೊಡಿ ಎನ್ನುವುದಕ್ಕೆ ಆಕೆಗೆ ಸಂಕೋಚ, ಎಳೆದುಕೊಡಲಾ ಎಂದು ಕೇಳುವುದಕ್ಕೆ ಈತನಿಗೆ ಬಾಯಿಲ್ಲ. ಆದ್ದರಿಂದ ಮೋಟಾರು. ಜಗಳ ಅಂದು ಆಗಲಿಲ್ಲ, ಕಾಫಿ ಆಯಿತು.

ಯಂತ್ರ ಈಗ ತೊಟ್ಟಿಲ ಪಕ್ಕದಲ್ಲಿದೆ. ಸ್ವೆಟರಿನ ರನ್ನರಿಗೆ ಒಂದು ದೊಡ್ಡ ಕೀ ಬಂಚಿನ ರಿಂಗು ಸಿಕ್ಕಿಸಲಾಗಿದ್ದು, ತೋರುಬೆರಳು ತೂರಿಸಿ ಎಳೆದರೆ ಹೆಬ್ಬೆರಳಿಗೆ ಕೆಲಸವೇ ಇಲ್ಲ. ರಿಂಗು ಸಿಕ್ಕಿಸಿದ್ದು ಆಕೆಯೇ. ಸ್ಲೀಪಿಂಗ್ ಬ್ಯಾಗ್ ಇನ್ನೂ ವಾಪಸು ಬಂದಿಲ್ಲ.