520ನೇ ಬೀದಿಯ ಮಾರ್ಗಪಂಡಿತರು

ದಾರಿ ತಪ್ಪುವುದಕ್ಕೇ ಆಗದ ಊರಿನಲ್ಲಿ ದಾರಿ ಹೇಳುವವರಿಗೆ ಕೆಲಸ ಇರಬಾರದು. ಅಮೆರಿಕದ ಮಧ್ಯಪಶ್ಚಿಮದ ಸಣ್ಣ ಊರುಗಳಲ್ಲಿ ಮಾತ್ರ ಅವರಿಗೆ ಕೈತುಂಬ ಕೆಲಸ. ಅಯೋವಾ ಸಿಟಿಯನ್ನೇ ತೆಗೆದುಕೊಳ್ಳಿ. ಮುಕ್ಕಾಲು ಲಕ್ಷದಷ್ಟು ಜನ, ಒಂದು ದೊಡ್ಡ ವಿಶ್ವವಿದ್ಯಾಲಯ, ನಡುವೆ ಅಯೋವಾ ನದಿ. ಊರು ಮುಗಿಯುತ್ತಲೇ ಮೆಕ್ಕೆಜೋಳ, ಅದು ಮುಗಿದರೆ ಸೋಯಾ, ಆಮೇಲೆ ಮತ್ತೆ ಮೆಕ್ಕೆಜೋಳ. ವಿವೇಕ ಶಾನಭಾಗರು 2016ರಲ್ಲಿ ಪಾಲ್ಗೊಂಡ ಅಂತರರಾಷ್ಟ್ರೀಯ ಬರಹಗಾರರ ಕಾರ್ಯಕ್ರಮದಿಂದಾಗಿ ಕನ್ನಡ ಓದುಗರಿಗೂ ಈ ಊರಿನ ಹೆಸರು ಹೊಸದಲ್ಲ. ಅಲ್ಲಿ ಬರಹಗಾರರ ಹಾಗೆಯೇ ಕರೆಯದಿದ್ದರೂ ಎದುರಾಗುವ ಇನ್ನೊಂದು ಜಾತಿಯಿದೆ: ವಾರಾಂತ್ಯದ ರೋಡ್ ಸೈಕ್ಲಿಂಗಿನ ಮಾರ್ಗಪಂಡಿತರು. ವಯಸ್ಸು ಐವತ್ತೈದರ ಆಚೆ, ಹೆಲ್ಮೆಟ್ಟಿಗೆ ಸಿಕ್ಕಿಸಿದ ಪುಟ್ಟ ಕನ್ನಡಿ, ತೊಡೆಯ ಮೇಲೆ ಬಿಸಿಲು ಎಳೆದ ಗೆರೆ, ಬೆನ್ನಿನ ಜೇಬಿನಲ್ಲಿ ಅರ್ಧ ನಜ್ಜುಗುಜ್ಜಾದ ಬಾಳೆಹಣ್ಣು. ಪಕ್ಕದ ಸೊಲನ್‌ಗೆ ಹೋಗುವುದು ಹೇಗೆ ಎಂದು ಕೇಳಿದರೆ ಅವರು ದಾರಿ ಹೇಳುವುದಿಲ್ಲ, ‘ಯಾವ ಗಾಳಿಯಲ್ಲಿ?’ ಎಂದು ಕೇಳುತ್ತಾರೆ. ನನ್ನ ವಾದ ಇಷ್ಟೇ: ಇವರನ್ನು ಹುಟ್ಟಿಸಿದ್ದು ಸೈಕಲ್ ಅಲ್ಲ, 1785ರ ಒಂದು ಕಾನೂನು.

ಆ ವರ್ಷ ಅಮೆರಿಕದ ಕಾಂಗ್ರೆಸ್ ಹೊಸ ನೆಲವನ್ನು ಅಳೆದು ಮಾರುವ ಕ್ರಮವೊಂದನ್ನು ಗೊತ್ತುಮಾಡಿತು. ಆರು ಮೈಲಿ ಚೌಕದ ಟೌನ್‌ಶಿಪ್, ಅದರೊಳಗೆ 36 ಸೆಕ್ಷನ್‌ಗಳು, ಒಂದೊಂದೂ ಒಂದು ಚದರ ಮೈಲಿ, ಅಂದರೆ 640 ಎಕರೆ. ಹಳ್ಳವಿರಲಿ ದಿಣ್ಣೆಯಿರಲಿ, ಗೆರೆ ನೇರ. ಮುಂದೆ ಆ ಗೆರೆಗಳ ಮೇಲೆಯೇ ರಸ್ತೆ ಬಿದ್ದವು. ಹೀಗಾಗಿ ಇಲ್ಲಿ ಎಡಕ್ಕೆ ನಾಲ್ಕು ಸಲ ತಿರುಗಿದರೆ ಹೊರಟಲ್ಲಿಗೇ ಬರುತ್ತೀರಿ. ಮುಳುಗುವ ಸೂರ್ಯ ಕಂಡರೆ ಸಾಕು, ಮನೆ ಯಾವ ದಿಕ್ಕಿಗಿದೆಯೆಂದು ಮಗುವೂ ಹೇಳೀತು. ಅಷ್ಟು ಸಾಲದೆಂದು ರಸ್ತೆಗಳಿಗೆ ನಂಬರು ಬೇರೆ. ಮ್ಯಾನ್‌ಹಟನ್ ದ್ವೀಪದ ಬೀದಿಗಳ ಎಣಿಕೆ 220ಕ್ಕೆ ನಿಂತುಬಿಡುತ್ತದೆ. ಇಲ್ಲಿ ಜೋಳದ ನಡುವೆ, ಒಂದು ಮನೆ, ಒಂದು ಕಣಜ, ಮೂರು ಹಸು ಇರುವಲ್ಲಿ 520ನೇ ಬೀದಿ ಎಂಬ ಫಲಕ ನಿಂತಿರುತ್ತದೆ. ಸರಿ, ಲೆಕ್ಕವಿಲ್ಲದಷ್ಟು ರಸ್ತೆಗಳಿವೆಯಲ್ಲ, ಆರಿಸಿಕೊಡಲು ಒಬ್ಬರು ಬೇಡವೇ ಎನ್ನಬಹುದು. ಬೇಡ. ಕೌಂಟಿಯ ರಸ್ತೆಗಳಲ್ಲಿ ಬಹುಪಾಲು ಜಲ್ಲಿಯವು, ಸಪೂರ ಟೈರಿಗೆ ಆಗಿಬರುವಂಥವಲ್ಲ. ಉಳಿಯುವುದು ಡಾಂಬರೋ ಕಾಂಕ್ರೀಟೋ ಕಂಡ ಕೆಲವೇ ದಾರಿಗಳು: ದಕ್ಷಿಣದ ಹಿಲ್ಸ್ ಕಡೆಗೆ ಸ್ಯಾಂಡ್ ರೋಡ್, ಉತ್ತರಕ್ಕೆ ಜಲಾಶಯ ದಾಟಿಸುವ ಮೆಹಾಫಿ ಬ್ರಿಜ್ ರೋಡ್, ಪೂರ್ವಕ್ಕೆ ಅಧ್ಯಕ್ಷ ಹರ್ಬರ್ಟ್ ಹೂವರ್ ಹುಟ್ಟಿದ ವೆಸ್ಟ್ ಬ್ರಾಂಚ್ ಊರಿನ ದಾರಿ, ಇಂಥವು. ಈ ಒಂದು ಹಿಡಿ ರಸ್ತೆಗಳಿಂದ ಪಂಡಿತರು ಡಜನ್‌ಗಟ್ಟಲೆ ‘ಲೂಪ್’ ಹೊಸೆದಿದ್ದಾರೆ. ಪ್ರತಿ ಲೂಪಿಗೂ ಹೆಸರಿದೆ, ತಿರುವುಗಳನ್ನು ಪಟ್ಟಿಮಾಡಿ ಮುದ್ರಿಸಿದ ಕ್ಯೂ ಶೀಟ್ ಇದೆ, ಇತಿಹಾಸವಿದೆ. ಅದೇ ಲೂಪನ್ನು ಅಪ್ರದಕ್ಷಿಣೆ ಹಾಕಿದರೆ ಬೇರೆ ಲೂಪ್, ಬೇರೆ ಹೆಸರು. ಎಲ್ಲವೂ ಒಂದೇ ತೆರನಾದ ನೆಲದಲ್ಲಿ ವ್ಯತ್ಯಾಸವನ್ನು ಯಾರಾದರೂ ತಯಾರಿಸಬೇಕಾಗುತ್ತದೆ; ಇವರು ಆ ಕಾರ್ಖಾನೆ.

ಆ ಕಾರ್ಖಾನೆಯ ಮುಖ್ಯ ಕಚ್ಚಾವಸ್ತು ಗಾಳಿ. ಇದೇನೂ ಕಲ್ಪನೆಯಲ್ಲ. ಅಯೋವಾ ರಾಜ್ಯ ತನ್ನಲ್ಲಿ ಉತ್ಪಾದಿಸುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯಿಂದ ಬರುತ್ತದೆ. 1973ರಲ್ಲಿ ಡಾನಲ್ಡ್ ಕಾಲ್ ಮತ್ತು ಜಾನ್ ಕ್ಯಾರಸ್ ಎಂಬ ಇಬ್ಬರು ಪತ್ರಕರ್ತರು ಹೊರಡಿಸಿದ, ಈಗ ರಾಗ್‌ಬ್ರಾಯ್ ಎಂದು ಹೆಸರಾದ ಜುಲೈ ಸೈಕಲ್ ಯಾತ್ರೆ ಮಿಸೌರಿ ನದಿಯಲ್ಲಿ ಹಿಂದಿನ ಚಕ್ರ ಅದ್ದಿ ಹೊರಟು ಮಿಸಿಸಿಪ್ಪಿಯಲ್ಲಿ ಮುಂದಿನ ಚಕ್ರ ಅದ್ದುವುದಕ್ಕೆ, ಪಶ್ಚಿಮದಿಂದ ಪೂರ್ವಕ್ಕೆ ಹೋಗುವುದಕ್ಕೆ, ಗಾಳಿ ಬೆನ್ನಿಗಿರಲಿ ಎಂಬ ಆಸೆಯೂ ಒಂದು ಕಾರಣ. ಲೆಕ್ಕವೂ ಪಂಡಿತರ ಪರವಾಗಿಯೇ ಇದೆ. ಗಾಳಿಯಿಲ್ಲದ ದಿನ ಗಂಟೆಗೆ 30 ಕಿ.ಮೀ. ತುಳಿಯುವವರು 60 ಕಿ.ಮೀ. ಹೋಗಿ 60 ಬರಲು ನಾಲ್ಕು ಗಂಟೆ ಬೇಕು. ಎದುರುಗಾಳಿ ಅವರನ್ನು 20ಕ್ಕೆ ಇಳಿಸಿ, ಬೆನ್ನುಗಾಳಿ 40ಕ್ಕೆ ಏರಿಸಿತೆನ್ನಿ. ಹೋಗಲು ಮೂರು ಗಂಟೆ, ಬರಲು ಒಂದೂವರೆ. ಗಾಳಿ ಕೊಟ್ಟದ್ದಕ್ಕಿಂತ ಅರ್ಧ ಗಂಟೆ ಹೆಚ್ಚಾಗಿಯೇ ಕಸಿದುಕೊಂಡಿತು. ಆದ್ದರಿಂದ ಮೊದಲು ಗಾಳಿಗೆದುರು ಹೋಗಿ ಸಾಲ ತೀರಿಸಿ, ದಣಿದ ಮೇಲೆ ಅದರ ಜೊತೆ ಬರಬೇಕೆಂಬ ಅವರ ಸಿದ್ಧಾಂತ ಅಚ್ಚುಕಟ್ಟಾದದ್ದು. ತಕರಾರು ಸಿದ್ಧಾಂತದ ಮೇಲಲ್ಲ, ಅದರ ಪಾರಾಯಣದ ಮೇಲೆ. ಶನಿವಾರ ಬೆಳಿಗ್ಗೆ ಏಳೂವರೆಗೆ ಪಾರ್ಕಿಂಗ್ ಲಾಟಿನಲ್ಲಿ ಎಂಟು ಜನ ಒಂದು ಕಾಲು ಪೆಡಲಿಗೆ ಸಿಕ್ಕಿಸಿ ಕಾಯುತ್ತಿರುತ್ತಾರೆ. ಪಂಡಿತರು ಮೂರು ಹವಾಮಾನ ವರದಿ ಓದಿಯೇ ಬಂದಿದ್ದರೂ ಬೆರಳು ಒದ್ದೆಮಾಡಿ ಎತ್ತುತ್ತಾರೆ. ಎದುರಿನ ಕಟ್ಟಡದ ಬಾವುಟ ನೋಡುತ್ತಾರೆ, ಅದು ಕಟ್ಟಡದ ಮರೆಯಲ್ಲಿರುವುದರಿಂದ ನಂಬಲರ್ಹವಲ್ಲ ಎನ್ನುತ್ತಾರೆ. ನೈಋತ್ಯವೇ, ಆದರೆ ಹತ್ತರ ಹೊತ್ತಿಗೆ ನೇರ ದಕ್ಷಿಣಕ್ಕೆ ತಿರುಗೀತು ಎನ್ನುತ್ತಾರೆ. ಯಾರೋ ಒಬ್ಬರು, ಯಾವಾಗಲೂ ಹೊಸಬರು, ‘ಹಾಗಾದರೆ ಅದೇ ದಿಕ್ಕಿನ ಕಲೋನಾ ಕಡೆ ಹೋಗೋಣವೇ?’ ಎಂದು ಕೇಳುತ್ತಾರೆ. ಆಗ ಪಾರಾಯಣ ಮೊದಲಿನಿಂದ. ಕೊನೆಗೆ ತೀರ್ಮಾನವಾಗುವುದು ಹೋದ ವಾರದ ಲೂಪೇ, ಆದರೆ ತಿರುವುಮುರುವು. ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿ ಬರುವಾಗಲೂ ಮುಖಕ್ಕೇ ಹೊಡೆದರೆ ಅವರಿಗೆ ಮುಖಭಂಗವಾಗುವುದಿಲ್ಲ, ಹೊಸ ಅಧ್ಯಾಯ ಸಿಕ್ಕುತ್ತದೆ. ಗಾಳಿಯ ಮಾತು ಒಮ್ಮೆ ಶುರುವಾದರೆ ನಿಲ್ಲಿಸುವುದು ಎಷ್ಟು ಕಷ್ಟವೆಂಬುದಕ್ಕೆ ಈ ಪ್ಯಾರಾದ ಉದ್ದವೇ ಸಾಕ್ಷಿ.

ಇಷ್ಟು ಹೊತ್ತಿಗೆ ಮಾರ್ಗಪಂಡಿತರೇ ಒಂದು ಆಕ್ಷೇಪ ಎತ್ತಿರುತ್ತಾರೆ: ‘ಅಯೋವಾ ಸಪಾಟಲ್ಲ.’ ಯಾರೂ ಸಪಾಟೆಂದಿರುವುದಿಲ್ಲ; ಆದರೂ ಈ ವಾಕ್ಯವನ್ನು ಅವರು ಪರಿಚಯದ ಮೊದಲ ಐದು ನಿಮಿಷದೊಳಗೆ ಹೇಳಬೇಕು. ಮಾತು ನಿಜ. ಕೊನೆಯ ಹಿಮಯುಗದ ನೀರ್ಗಲ್ಲು ರಾಜಧಾನಿ ಡಿ ಮೊಯ್ನ್ ತನಕ ಬಂದು ನಿಂತಿತು. ಅದು ಉಜ್ಜಿಹೋದ ಕಡೆ ನೆಲ ಮಟ್ಟಸ. ಅಯೋವಾ ಸಿಟಿಯ ಸುತ್ತಲಿನದು ಅದಕ್ಕಿಂತ ಬಹಳ ಹಳೆಯ ಹಿಮರಾಶಿ ಬಿಟ್ಟುಹೋದ ಮಣ್ಣು, ತೊರೆಗಳು ಕೊರೆಯಲು ಬೇಕಾದಷ್ಟು ಕಾಲ ಸಿಕ್ಕ ಮಣ್ಣು. ಆದ್ದರಿಂದ ಒಂದಾದ ಮೇಲೊಂದು ಏರಿಳಿತ, ಅವರ ಭಾಷೆಯಲ್ಲಿ ರೋಲರ್ಸ್. ಆದರೆ ಇದು ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ರಸ್ತೆ ದಿಣ್ಣೆಯನ್ನು ಬಳಸಿ ಹೋಗಿದ್ದರೆ ಏರು ಹಗುರವಾಗುತ್ತಿತ್ತು. 1785ರ ಗೆರೆಗೆ ಬಳಸುವುದೇ ಗೊತ್ತಿಲ್ಲವಾದ್ದರಿಂದ ದಿಣ್ಣೆಯ ನೆತ್ತಿಯ ಮೇಲೇ ಹತ್ತಿ ಇಳಿಯುತ್ತದೆ. ತೊಡೆ ಉರಿಯುವುದು ಹಿಮಯುಗದಿಂದಷ್ಟೇ ಅಲ್ಲ, ಸರ್ವೆಯಿಂದ ಕೂಡ. ಇನ್ನು ಭೂಮಿ ಗುಂಡಗಿರುವ ಕಾರಣ ಉತ್ತರಕ್ಕೆ ಹೋದಂತೆಲ್ಲ ರೇಖಾಂಶಗಳು ಹತ್ತಿರವಾಗಿ, ಚೌಕಗಳು ಚೌಕವಾಗಿಯೇ ಉಳಿಯಲೆಂದು ರಸ್ತೆ ಅಲ್ಲಲ್ಲಿ ಪಕ್ಕಕ್ಕೆ ಜರುಗಿ ಮತ್ತೆ ಉತ್ತರ ಹಿಡಿಯುತ್ತದೆ. ಅಂಥ ಸೊಟ್ಟಿನಲ್ಲಿ ಗುಂಪನ್ನು ನಿಲ್ಲಿಸಿ ಪಂಡಿತರು ಭೂಗೋಳ ವಿವರಿಸುತ್ತಾರೆ, ಬೆವರು ಆರಿ ಚಳಿಯಾಗುವವರೆಗೆ.

ಎರಡನೆಯ ಆಕ್ಷೇಪ ಕಿರಿಯರದು: ಫೋನಿನಲ್ಲಿ ಸ್ಟ್ರಾವಾ ಆ್ಯಪ್ ಇದೆ, ಹೆಚ್ಚು ಜನ ತುಳಿದ ರಸ್ತೆ ನಕ್ಷೆಯಲ್ಲಿ ಹೊಳೆಯುತ್ತದೆ, ಪಂಡಿತರ ಕಾಲ ಮುಗಿಯಿತು. ಆ ಹೊಳೆಯುವ ಗೆರೆಯನ್ನು ಎಳೆದವರು ಯಾರೆಂದು ಕೇಳಿ. ವರ್ಷಾನುಗಟ್ಟಲೆ ಪ್ರತಿ ಶನಿವಾರ ಇದೇ ಮನುಷ್ಯರು ಇದೇ ಎಂಟು ಜನರನ್ನು ಎಳೆದುಕೊಂಡು ಹೋದ ದಾರಿಯೇ ಅದು. ಅಲ್ಲದೆ ಯಾವ ರಸ್ತೆಗೆ ಮೊನ್ನೆ ಚಿಪ್ ಸೀಲ್ ಹಾಕಿ ಸಡಿಲ ಜಲ್ಲಿ ಉದುರಿಸಿ ಹೋಗಿದ್ದಾರೆ, ಯಾವ ತಿರುವಿನ ನಾಯಿಗೆ ಸರಪಳಿ ಇಲ್ಲ, ಅಕ್ಟೋಬರಿನ ಕೊಯ್ಲಿನಲ್ಲಿ ಕಾಳಿನ ಲಾರಿಗಳು ಯಾವ ರಸ್ತೆ ಹಿಡಿಯುತ್ತವೆ ಎಂಬುದು ನಕ್ಷೆಗೆ ಬರುವ ಹೊತ್ತಿಗೆ ಮೊಣಕಾಲು ತರಚಿರುತ್ತದೆ. ಕಲೋನಾ ಹತ್ತಿರ ಆಮಿಶ್ ಜನರ ಕುದುರೆಗಾಡಿ ಎದುರಾದರೆ ಹಿಂದಿನಿಂದ ಗಂಟೆ ಬಾರಿಸಬೇಡಿ, ಮೆಲ್ಲಗೆ ದನಿ ಕೊಟ್ಟು ದೂರದಿಂದ ಬಳಸಿ ಹೋಗಿ ಎಂದು ಅವರು ಹೇಳುವುದು ಹತ್ತನೆಯ ಸಲವಾದರೂ ಸರಿಯಾದ ಮಾತೇ. ಬೇಸರ ಬರುವುದು ಅವರು ತಪ್ಪು ಹೇಳುತ್ತಾರೆಂದಲ್ಲ, ತಪ್ಪೇ ಹೇಳುವುದಿಲ್ಲವೆಂದು.

ಹಾಗಾದರೆ ಇದೆಲ್ಲ ಯಾರಿಗೆ ಬೇಕು, ಬೇರೆ ಕೆಲಸವಿಲ್ಲದವರ ಕಾಲಹರಣವಲ್ಲವೇ ಎಂದು ಕೊನೆಗೊಬ್ಬರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ಸಟ್ಲಿಫ್ ಸೇತುವೆ ಇದೆ. ಸೀಡರ್ ನದಿಗೆ 1898ರ ಹೊತ್ತಿಗೆ ಕಟ್ಟಿದ, ಲೋಹದ ಚೌಕಟ್ಟಿನ ಮೂರು ಅಂಕಣಗಳ ಸೇತುವೆ. ವಾಹನಗಳಿಗೆ ಪಕ್ಕದಲ್ಲೇ ಬೇರೆ ಸೇತುವೆಯಾಗಿ, ಇದು ನಡೆಯುವವರಿಗೂ ಸೈಕಲಿನವರಿಗೂ ಉಳಿದಿತ್ತು. 2008ರ ಮಹಾಪೂರ ಒಂದು ಅಂಕಣವನ್ನು ಕೊಚ್ಚಿಕೊಂಡು ಹೋಯಿತು. ಉಪಯೋಗವೊಂದೇ ಅಳತೆಯಾಗಿದ್ದರೆ ಉಳಿದದ್ದನ್ನೂ ಗುಜರಿಗೆ ಹಾಕಬಹುದಿತ್ತು. ಕೌಂಟಿ ಅದನ್ನು ಮತ್ತೆ ಕಟ್ಟಿತು, 2012ರಲ್ಲಿ ತೆರೆಯಿತು. ಅಂಥ ಸೇತುವೆಗೆ ದಿನವೂ ಯಾರೋ ಹೋಗಿಬರುತ್ತಿರಬೇಕಾಗುತ್ತದೆ, ಕೆಲಸವಿಲ್ಲದೆ, ಬೇಕೆಂದೇ. ಗಂಟೆಗೆ 55 ಮೈಲಿಯಲ್ಲಿ ಹೋಗುವ ಕಾರಿನವರಿಗೆ ಈ ಕೌಂಟಿ ಎರಡು ಊರುಗಳ ನಡುವಿನ ಹಸಿರು ಗೋಡೆ. ಅದರಲ್ಲಿ ಎಲ್ಲಿ ನೀರಿನ ನಲ್ಲಿಯಿದೆ, ಯಾವ ಚರ್ಚಿನ ಮೆಟ್ಟಿಲಿಗೆ ನೆರಳಿದೆ, ಯಾವ ಕೆಫೆಯಲ್ಲಿ ಪೈ ಮಾಡುವಾಕೆ ಕೆಲಸ ಬಿಟ್ಟಳು ಎಂದು ಲೆಕ್ಕವಿಟ್ಟವರು ಪಂಡಿತರಲ್ಲದೆ ಇನ್ನಾರೂ ಇಲ್ಲ. ಅವರ ಮೊಣಕಾಲು ಕೈಕೊಟ್ಟ ದಿನ ಆ ಲೆಕ್ಕವನ್ನು ವಹಿಸಿಕೊಳ್ಳಲು ಎಂಟು ಜನರಲ್ಲಿ ಯಾರೂ ಮುಂದೆ ಬಂದಿಲ್ಲ. ಕ್ಯೂ ಶೀಟ್ ಇದೆಯಲ್ಲ ಎಂದುಕೊಂಡಿದ್ದಾರೆ. ಕ್ಯೂ ಶೀಟಿನಲ್ಲಿ ತಿರುವುಗಳಷ್ಟೇ ಇವೆ. ಸದ್ಯಕ್ಕೆ ಸೇತುವೆಯ ಪಕ್ಕದ ಟ್ಯಾವರ್ನ್ ಮುಂದೆ ಸೈಕಲ್‌ಗಳು ಒರಗಿ ನಿಂತಿವೆ, ವಾಪಸು ಹೋಗುವುದು ಯಾವ ರಸ್ತೆಯಲ್ಲಿ ಎಂಬ ಚರ್ಚೆಗೆ ಪೀಠಿಕೆ ಆಗುತ್ತಿದೆ, ಎರಡನೆಯ ಬಿಯರ್ ತರಿಸಲು ಧಾರಾಳ ಸಮಯವಿದೆ.