ಸೊನ್ನೆ ಬಿಲ್ಲಿನ ಮೇಷ್ಟ್ರು

ಕೋಲಾರ ಜಿಲ್ಲೆಯ ಯಾವ ಊರಿನ ಯಾವ ಬಡಾವಣೆಗೆ ಹೋದರೂ ಇವರು ಸಿಕ್ಕೇ ಸಿಗುತ್ತಾರೆ. ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯ ಮಾಜಿ ಗುಮಾಸ್ತರಾಗಿರಬಹುದು, ಮುಳಬಾಗಿಲಿನಲ್ಲಿ ರಿಟೈರಾದ ಕಂಡಕ್ಟರ್ ಆಗಿರಬಹುದು, ಗುರುತು ಮಾತ್ರ ಒಂದೇ. ಬೆಳಗ್ಗೆ ಎದ್ದವರು ದೇವರಿಗೆ ಕೈ ಮುಗಿಯುವ ಮೊದಲು ಕರೆಂಟ್ ಮೀಟರಿಗೆ ಟಾರ್ಚ್ ಬಿಡುತ್ತಾರೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಯೂನಿಟ್ಟಿನ ಲೆಕ್ಕ ಬರೆಯುತ್ತಾರೆ. ನಾನು ಹೇಳಹೊರಟಿರುವುದು ಕೋಲಾರದ ಮೇಷ್ಟ್ರೊಬ್ಬರು ತಮ್ಮ ಬಚ್ಚಲಿಗೆ ಗೀಸರ್ ಆರಿಸಿದ ಸಂಗತಿ.

2023ರ ಆಗಸ್ಟಿನಲ್ಲಿ ಗೃಹಜ್ಯೋತಿಯ ಮೊದಲ ಸೊನ್ನೆ ಬಿಲ್ಲು ಬಂದಾಗ, 200 ಯೂನಿಟ್ ಪುಕ್ಕಟೆ ಎಂದು ಬೀದಿಯೆಲ್ಲ ಹಿಗ್ಗಿತು. ನಿಯಮ ಪೂರ್ತಿ ಓದಿದ್ದು ಮೇಷ್ಟ್ರೊಬ್ಬರೇ. ಸುತ್ತೋಲೆ ಓದುವುದು ಅವರ ಸರ್ವೀಸಿನ ಚಟ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅಷ್ಟು, ಅದರ ಮೇಲೆ ಶೇಕಡ 10, ಅಷ್ಟು ಮಾತ್ರ ಪುಕ್ಕಟೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು ನಿಮ್ಮ ತಲೆಗೆ. ಮೇಷ್ಟ್ರ ಸರಾಸರಿ 80, ಸಿಕ್ಕಿದ್ದು 88. ಹಾಡಹಗಲಲ್ಲೂ ವರಾಂಡದ ಲೈಟು ಉರಿಸುತ್ತಿದ್ದ ಪಕ್ಕದ ಮನೆ ಕಂಟ್ರಾಕ್ಟರಿಗೆ 180ರ ಮೇಲೆ!

"ಲೈಟ್ ಆರಿಸಿದವನಿಗೆ ಬರೆ, ಉರಿಸಿದವನಿಗೆ ಬಹುಮಾನ" ಎಂದು ಗೊಣಗುತ್ತ ಮೇಷ್ಟ್ರು ಒಂದು ವಾರ ಊಟದಲ್ಲಿ ಉಪ್ಪು ಸರಿಯಿಲ್ಲ ಅಂದರು. ಆಮೇಲೆ ಆ ಸೊನ್ನೆಯನ್ನೇ ಮಾನವೆಂದು ಹಿಡಿದರು. ಪೆನ್ಶನ್ ಬರುವ ಮನುಷ್ಯ, ನೂರಿನ್ನೂರು ರೂಪಾಯಿಗೆ ಬಡವಾಗುವವರಲ್ಲ. ಆದರೆ ಬಿಲ್ಲಿನಲ್ಲಿ ಸೊನ್ನೆ ಕಂಡರೆ ಅವರಿಗೆ ಶಾಲೆಯ ಫಲಿತಾಂಶ ನೂರಕ್ಕೆ ನೂರು ಬಂದಷ್ಟು ಖುಷಿ.

ಇಂಥ ಮನೆಗೆ ಗೀಸರ್ ಯಾಕೆ ಬಂತು ಅಂದರೆ, ಮಗಳು ಬಾಣಂತನಕ್ಕೆ ಬರುವವಳಿದ್ದಳು. ಡಿಸೆಂಬರ್ ತಿಂಗಳು, ಅಂತರಗಂಗೆ ಬೆಟ್ಟದ ಕಡೆಯಿಂದ ಬೀಸುವ ಚಳಿ. ಬಕೆಟ್ಟಿಗೆ ರಾಡು ಇಳಿಬಿಟ್ಟು ಕಾಯಿಸುವುದು ಮಕ್ಕಳಿರುವ ಮನೆಗೆ ಆಗದ ಮಾತು.

ಸಲಹೆ ಕೊಡಲು ಇಡೀ ಜಿಲ್ಲೆಯೇ ಎದ್ದು ನಿಂತಿತು. ಮಾಲೂರಿನ ಷಡ್ಡಕ ನೈಟ್ ಶಿಫ್ಟಿನಿಂದಲೇ ಫೋನ್ ಮಾಡಿ, "ಮೂರು ಲೀಟರಿನ ಇನ್‌ಸ್ಟಂಟ್ ಹಾಕ್ಸಿ ಭಾವ, ಸ್ವಿಚ್ ಹಾಕೋದೇ ತಡ" ಎಂದ. ಮುಳಬಾಗಿಲಿನ ಭಾವಮೈದ ದೋಸೆ ತಿನ್ನುತ್ತಲೇ ಸೋಲಾರ್ ಹೊಗಳಿದ. ಶ್ರೀನಿವಾಸಪುರದ ಬೀಗರು ಮಾವಿನ ತೋಟದವರು, "ಕಟ್ಟಿಗೆ ಬೇಕಾದಷ್ಟಿದೆ, ಕರೆಂಟ್ ಯಾಕೆ ಮೇಷ್ಟ್ರೇ?" ಎಂದರು. ಮೇಷ್ಟ್ರು ನಕ್ಕರು. ಹಳ್ಳಿಯವರು ಏನೋ ಹೇಳುತ್ತಾರೆ ಎನ್ನುವ ನಗೆ.

ಕ್ಲಾಕ್ ಟವರ್ ಹತ್ತಿರದ ಅಂಗಡಿಯ ಹುಡುಗ ಇವರ ಕೈಯಲ್ಲಿ ಪಟ್ಟ ಪಾಡು ಹೇಳತೀರದು. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಮುಕ್ಕಾಲು ಯೂನಿಟ್ಟಿಗೆ ಒಂಚೂರು ಕಮ್ಮಿ, ಎರಡು ಕಿಲೋವ್ಯಾಟಿನದಾದರೆ ಇಪ್ಪತ್ತು ಇಪ್ಪತ್ತೈದು ನಿಮಿಷ ಎಂದು ರಟ್ಟಿನ ಪೆಟ್ಟಿಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದರು. ದಿನಕ್ಕೆ ನಾಲ್ಕು ಸಲ ತುಂಬಿದರೆ ತಿಂಗಳಿಗೆ 80ಕ್ಕೂ ಮೇಲೆ. ಪುಕ್ಕಟೆ ಪಾಲೆಲ್ಲ ಬಚ್ಚಲಿಗೇ!

"ಫೈವ್ ಸ್ಟಾರ್ ತಗೊಳ್ಳಿ ಸಾರ್, ಕರೆಂಟ್ ಉಳಿಯುತ್ತೆ."

"ಸ್ಟಾರ್ ಅಂದ್ರೆ ಏನಪ್ಪಾ? ನೀರು ಕಾಯಿಸೋ ಲೆಕ್ಕ ಅಲ್ಲ ಅದು. ಕಾದ ನೀರು ಡ್ರಮ್ಮಲ್ಲಿ ಸುಮ್ನೆ ಕೂತಾಗ ಎಷ್ಟು ಬಿಸಿ ಸೋರುತ್ತೆ ಅನ್ನೋ ಲೆಕ್ಕ. ಕಾದ ತಕ್ಷಣ ಸ್ನಾನ ಮಾಡಿ ಆರಿಸೋನಿಗೆ ನಿನ್ನ ಸ್ಟಾರ್ ಯಾಕೆ?"

ಮಾತು ನಿಜ. ಆದರೂ ಕೊನೆಗೆ ಕೊಂಡದ್ದು ಫೈವ್ ಸ್ಟಾರನ್ನೇ. ತ್ರೀ ಸ್ಟಾರ್ ಎಂದರೆ ಸೆಕೆಂಡ್ ಕ್ಲಾಸ್ ಪಾಸಾದಂತೆ. ಮೇಷ್ಟ್ರಿಗೆ ಅದು ಒಪ್ಪಿಗೆಯಾಗಲಿಲ್ಲ.

ಅದಕ್ಕೂ ಮೊದಲು ನೀರಿನ ಪಾಠ ಆಯಿತು. ಈ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದು ಎತ್ತಿದ ನೀರು ಗಡಸು, ಕಾಯಿಲ್ಲಿನ ಮೇಲೆ ಸುಣ್ಣದಂತೆ ಕಟ್ಟುತ್ತದೆ, ಕಟ್ಟಿದಷ್ಟೂ ಕಾಯಿಲ್ಲಿಗೆ ಆಯುಷ್ಯ ಕಮ್ಮಿ. ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೆ.ಸಿ. ವ್ಯಾಲಿ ನೀರು 2018ರಿಂದ ಕೆರೆಗಳಿಗೆ ಬರುತ್ತಿದೆಯಲ್ಲ ಸಾರ್ ಎಂದ ಹುಡುಗನಿಗೆ, "ಕೆರೆ ತುಂಬಿದೆ, ನನ್ನ ಬೋರಿನ ನೀರು ಮೆತ್ತಗಾಗಿಲ್ಲ" ಎಂದರು. ಡ್ರಮ್ಮಿನೊಳಗೆ ಗ್ಲಾಸ್ ಲೈನಿಂಗ್ ಉಂಟೋ, ಮೆಗ್ನೀಸಿಯಂ ರಾಡು ಉಂಟೋ ಎಂದು ಕೇಳಿ ಕೇಳಿ ಗುರುತು ಹಾಕಿಕೊಂಡರು. ರೇಟಿನ ವಿಷಯಕ್ಕೆ ಬಂದಾಗ ಚರಿತ್ರೆ ಶುರುವಾಯಿತು. "ಶಿವನಸಮುದ್ರದ ಕರೆಂಟ್ ಮೊದಲು ಬಂದದ್ದು ಎಲ್ಲಿಗೆ ಗೊತ್ತೇನಯ್ಯ? ನಮ್ಮ ಕೆಜಿಎಫ್‌ಗೆ, 1902ರಲ್ಲಿ. ಬೆಂಗಳೂರಿಗೆ ಹೋದದ್ದು 1905ಕ್ಕೆ. ನಮ್ಮ ಜಿಲ್ಲೆಯೋರಿಗೆ ಕರೆಂಟ್ ಪಾಠ ಹೇಳಬೇಡ."

"ಸಾರ್, ಆಗ್ಲೂ ಇಷ್ಟೇ ಚೌಕಾಸಿ ಇತ್ತಾ?" ಎಂದ ಹುಡುಗ. ಬಂಗಾರಪೇಟೆಯವನಂತೆ, ಮುಂದೆ ಬರುತ್ತಾನೆ.

ಗೀಸರ್ ಗೋಡೆ ಏರಿತು. 16 ಆಂಪಿಯರಿನ ಪ್ಲಗ್ಗು, ದಪ್ಪ ವೈರು, ಅರ್ಥಿಂಗ್ ಗುಂಡಿಗೆ ಉಪ್ಪು ಇದ್ದಿಲು, ಯಾವುದಕ್ಕೂ ಕಮ್ಮಿ ಇಲ್ಲ. ಸ್ವಿಚ್ ಮಾತ್ರ ಬಚ್ಚಲ ಹೊರಗೆ, ಮೇಷ್ಟ್ರ ಕುರ್ಚಿಗೆ ಕೈಗೆಟುಕುವಲ್ಲಿ. ಬೀರುವಿನಲ್ಲಿದ್ದ ಡ್ರಿಲ್ ಪೀರಿಯಡ್ಡಿನ ಸೀಟಿ ಹೊರಬಂತು. ಒಂದು ಸೀಟಿ ಅಂದರೆ ನೀರು ಕಾದಿದೆ, ಎರಡು ಅಂದರೆ ಈಚೆ ಬನ್ನಿ. ಹಬ್ಬಕ್ಕೆ ಬಂದ ಅಳಿಯ ತಲೆಗೆ ಶಾಂಪೂ ಹಾಕಿಕೊಂಡಿದ್ದಾಗಲೇ ಎರಡನೆಯ ಸೀಟಿ ಕೇಳಿ, ನೊರೆ ಸಮೇತ ಟವೆಲ್ ಸುತ್ತಿಕೊಂಡು ನಿಂತದ್ದನ್ನು ಬೀದಿಯವರು ಈಗಲೂ ಆಡಿಕೊಳ್ಳುತ್ತಾರೆ.

ಬಾಣಂತಿಗೆ ನೀರು ಹಾಕಲು ಬಂದ ಅಜ್ಜಿ ಮಾತ್ರ ಸೀಟಿಗೆ ಹೆದರುವ ಪೈಕಿ ಅಲ್ಲ. ನಲ್ಲಿ ತಿರುಗಿಸಿ ಬೆರಳು ಹಿಡಿದು, ಮೇಷ್ಟ್ರ ಕಡೆ ಕತ್ತು ತಿರುಗಿಸಿದರು. ಉಳಿತಾಯವಾಗಲೆಂದು ಮೇಷ್ಟ್ರು ಥರ್ಮೋಸ್ಟಾಟನ್ನು ಅರ್ಧಕ್ಕೆ ಇಳಿಸಿಟ್ಟಿದ್ದರು.

"ಏನ್ ಸಾಮೀ ಇದು? ಬಾಣಂತಿ ನೀರಾ, ಮುಖ ತೊಳೆಯೋ ನೀರಾ? ಬೆನ್ನಿಗೆ ಹುಯ್ದ್ರೆ ಮೈ ಕೆಂಪಾಗ್ಬೇಕು. ಅದೂ ಒಂದೂವರೆ ಕೊಡಕ್ಕೇ ತಣ್ಣಗಾಯ್ತದೆ. ಹಂಡೆ ಎಲ್ಲಮ್ಮಾ?"

ಮೇಷ್ಟ್ರ ಹೆಂಡತಿ ಹಂಡೆ ಎಲ್ಲಿಗೂ ಕಳಿಸಿರಲಿಲ್ಲ. ಹಿತ್ತಲಲ್ಲಿ ಬೋರಲು ಹಾಕಿದ್ದ ತಾಮ್ರದ ಹಂಡೆ ಅವತ್ತೇ ಒಲೆ ಏರಿತು. ಶ್ರೀನಿವಾಸಪುರದಿಂದ ಒಂದು ಲಗೇಜ್ ಆಟೋ ಮಾವಿನ ಕಟ್ಟಿಗೆ ಇಳಿಯಿತು. ಸಾಲದ್ದಕ್ಕೆ ರೇಷ್ಮೆ ಬೆಳೆಯುವ ನೆಂಟರು ಹಿಪ್ಪುನೇರಳೆ ಕಡ್ಡಿಯ ಹೊರೆ ತಂದು ಹಾಕಿದರು. ಹೇಗೂ ಒಲೆ ಉರಿಯುತ್ತದಲ್ಲ ಎಂದು ಮನೆಮಂದಿಯೆಲ್ಲ ಅದೇ ನೀರನ್ನೇ ಹೊಯ್ದುಕೊಂಡರು, ಮೇಷ್ಟ್ರೂ ಸೇರಿ. ಗೀಸರಿನ ಮೇಲೆ ಮಗುವಿನ ಬಟ್ಟೆ ಒಣಗಿತು.

ತಿಂಗಳಾಯಿತು. ಮೀಟರ್ ಓದುವವನು ಬಂದು ಬಿಲ್ಲು ಹರಿದುಕೊಟ್ಟ. ಸೊನ್ನೆ! ಮೇಷ್ಟ್ರು ಅದನ್ನು ಹಿಡಿದುಕೊಂಡೇ ಗೇಟಿಗೆ ಬಂದರು. ಆಚೆ ಕಂಟ್ರಾಕ್ಟರ್ ಬೈಕ್ ಒರೆಸುತ್ತಿದ್ದ.

"ಗೀಸರ್ ಹಾಕಿಸ್ಬೇಕು ಅಂದಿದ್ರಲ್ಲ, ಇಲ್ಲಿ ನೋಡಿ" ಎಂದರು. "ಕಣ್ಮುಚ್ಕೊಂಡು ಫೈವ್ ಸ್ಟಾರ್ ತಗೊಳ್ಳಿ. ಮನೇಲಿ ಬಾಣಂತಿ ಇದ್ರೂ ಯೂನಿಟ್ಟೇ ಹತ್ತಲ್ಲ."